ದುರ್ಗಪ್ಪನ ಬಿಗಿ ಚೈನು

ನನ್ನ ಗಂಡ ದುರ್ಗಪ್ಪನಿಗೆ ಸಡಿಲ ಅಂದರೆ ಆಗದು. ಮೀಸೆ ಮೂಡಿದಾಗಿನಿಂದ ಮಾವಳ್ಳಿಯ ದೋಣಿಯಲ್ಲಿ ಬಲೆ ಎಳೆದ ಕೈ ಅದು. ಹಗ್ಗ ಸಡಿಲಾದರೆ ಜೀವವೇ ಹೋದೀತು ಅನ್ನುವವನು. ದೋಣಿಯಲ್ಲಿ ಅದು ಸರಿಯೇ. ಆದರೆ ಆ ದರಿದ್ರ ಮೊಪೆಡ್ಡಿನ ಚೈನನ್ನೂ ಅವನು ಲಂಗರಿನ ಹಗ್ಗ ಅಂತಲೇ ತಿಳಿದಿದ್ದ.

ಎಂಬತ್ತಮೂರನೇ ಇಸವಿಯಲ್ಲಿ ಭುಜ ಸೋತು ಸಮುದ್ರ ಬಿಟ್ಟ. ಆಗ ಹಳೇ ಮೊಪೆಡ್ಡೊಂದನ್ನು ತಂದ. ನನಗಾಗಿಯೇ ತಂದದ್ದು, ಸುಳ್ಳು ಹೇಳಬಾರದು. ಮದುವೆಯಾದಾಗಿನಿಂದ ಮೀನಿನ ಬುಟ್ಟಿ ಹೊತ್ತು ಗುಡ್ಡದ ಮೇಲಿನ ಕೇರಿಗಳಿಗೆ ನಡೆದವಳು ನಾನು. ಮೊಣಕಾಲು ಎರಡೂ ಕೈಕೊಟ್ಟಿದ್ದವು. ಏರು ಹತ್ತಿದರೆ ಒಳಗೆ ಕರಕರ. ಇನ್ನೊಂದು ಮಳೆಗಾಲ ಕಳೆದರೆ ಹತ್ತಲಾರೆ ಅಂತ ಗೊತ್ತಿತ್ತು. ಹತ್ತದಿದ್ದರೆ ಒಲೆ ಉರಿಯುವುದಿಲ್ಲ ಅಂತಲೂ ಗೊತ್ತಿತ್ತು.

ನಮ್ಮಲ್ಲಿ ಮೀನು ಹಿಡಿಯುವುದು ಗಂಡಸು, ಮಾರುವುದು ಹೆಂಗಸು. ಗಂಡಸಾದವನು ಮನೆಬಾಗಿಲಿಗೆ ಹೋಗಿ ಮೀನು ಬೇಕಾ ಅಂತ ಕೂಗಿದರೆ ಊರೇ ನಗುತ್ತದೆ. ಹಾಗಾಗಿ ಅವನು ಮುಂದೆ, ನಾನು ಹಿಂದೆ, ನನ್ನ ಮಡಿಲಲ್ಲಿ ಬುಟ್ಟಿ. ಕೇರಿಯ ಮೊದಲ ಮನೆ ಕಂಡದ್ದೇ ಅವನು ಗಾಡಿ ನಿಲ್ಲಿಸಿ, ಮುಖ ಆಚೆ ತಿರುಗಿಸಿ ಬೀಡಿ ಹಚ್ಚುತ್ತಿದ್ದ. ಕೂಗುವುದು ನನ್ನ ಕೆಲಸ.

ದಿನಾ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕೂರುವನು. ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗಾಲಿಯನ್ನು ಹಿಂದಕ್ಕೆಳೆದು, ಚೈನು ಟಣ್ ಅನ್ನುವಷ್ಟು ಬಿಗಿ ಮಾಡುವನು.

"ಸ್ವಲ್ಪ ಬಿಡು ಮಾರಾಯ, ಕಟ್ ಆಗ್ತದೆ," ಅಂದರೆ, "ನಿಂಗೆಂತ ಗೊತ್ತು? ಜೋತಾಡಿದ್ರೆ ದಾರೀಲಿ ಕಳಚ್ತದೆ," ಅನ್ನುವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಕಟ್ಟಾಯಿತು. ಅದೂ ಅರ್ಧ ಏರಿನಲ್ಲಿ, ಬುಟ್ಟಿ ತುಂಬ ಬಂಗಡೆ ಇದ್ದ ದಿನ. ನಾನು ಬುಟ್ಟಿಯನ್ನು ತಲೆಗೇರಿಸಿದೆ, ಅವನು ಗಾಡಿ ತಳ್ಳಿದ. ನಾನು ಬೈಯಲಿಲ್ಲ. ಬೈಯಲಿಕ್ಕೂ ಉಸಿರು ಬೇಕಲ್ಲ.

ಗಾಡಿಯನ್ನು ಮೀನಿನ ಲಾರಿಗೆ ಹಾಕಿಸಿ ಭಟ್ಕಳದ ಮೆಕ್ಯಾನಿಕ್ ಕೃಷ್ಣಾನಂದನ ಹತ್ತಿರ ಒಯ್ದೆವು. ಗೋಡೆಯಲ್ಲಿ ಚೈನುಗಳು ನೇತಾಡುತ್ತಿದ್ದವು. ನನ್ನ ಗಂಡ ಎಲ್ಲಕ್ಕಿಂತ ದಪ್ಪದ್ದಕ್ಕೆ ಕೈ ಹಾಕಿದ.

"ದಪ್ಪ ಇದ್ರೆ ಆತಾ? ಚಕ್ರದ ಹಲ್ಲಿಗೆ ಕೂರ್ಬೇಕಲ್ಲ," ಅಂದ ಕೃಷ್ಣಾನಂದ, ಹಳೆಯ ಚೈನಿನ ಪಕ್ಕಕ್ಕೆ ಹೊಸದನ್ನು ಹಿಡಿದು ಕೊಂಡಿ ಕೊಂಡಿ ಸರಿನೋಡಿದ. ಸವೆದು ಕೊಕ್ಕೆಯಂತಾಗಿದ್ದ ಹಲ್ಲಿನ ಚಕ್ರವನ್ನೂ ಬದಲಿಸಿದ. ಆಮೇಲೆ, "ಇಬ್ರೂ ಹತ್ತಿ, ಬುಟ್ಟಿನೂ ಇಟ್ಕಳಿ," ಅಂದ.

ಕೂತೆವು. ಗಾಡಿಯ ಹಿಂಭಾಗ ಕುಸಿಯಿತು. ಅಲ್ಲಿಯವರೆಗೆ ಆಡುತ್ತಿದ್ದ ಚೈನು ತಂತಿಯ ಹಾಗೆ ಸೆಟೆಯಿತು.

"ಕಂಡ್ರಾ? ಖಾಲಿ ಗಾಡೀಲಿ ಬಿಗಿ ಮಾಡಿದ್ದಕ್ಕೇ ಕಟ್ ಆದದ್ದು." ಸಡಿಲಿಸಿ ನೋಡಿದ. ನಾವು ಇಳಿದರೆ ಚೈನು ಜೋತು ಕಳಚುತ್ತಿತ್ತು. ಕೊನೆಗೆ ಕೈ ಒರೆಸಿಕೊಂಡ. "ಇದು ಇಬ್ರಿಗಾಗುವ ಗಾಡಿ ಅಲ್ಲ. ಬುಟ್ಟಿ, ಮತ್ತೆ ಒಬ್ರು. ಅಷ್ಟೇ."

ಆ ಒಬ್ಬರು ಯಾರು ಅಂತ ಕೇಳಬೇಕೇ? ನನಗೆ ಗಾಡಿ ಬಿಡಲು ಬಾರದು. ಮೈಯೆಲ್ಲ ಉರಿದುಹೋಯಿತು.

"ಇಷ್ಟ್ ದಿನ ನೀ ಬಿಗಿ ಮಾಡ್ದೆ ಅಲ್ದಾ," ಅಂದೆ ಅವನಿಗೆ, "ಹಿಂದೆ ನಾನೊಬ್ಳು ಕೂರ್ತೆ ಅಂತ ಒಂದಿನಾದ್ರೂ ನೆನಪಾತಾ?"

ಅವನು ಮುಖ ಆಚೆ ತಿರುಗಿಸಿ ಬೀಡಿ ಹಚ್ಚಿದ.

ಮರುದಿನದಿಂದ ಬುಟ್ಟಿ ಅವನ ಜೊತೆ ಸವಾರಿ, ನಾನು ಹಿಂದೆ ನಡಿಗೆ. ತಲೆ ಹಗುರ, ನಿಜ. ಮೊಣಕಾಲು ಮಾತ್ರ ಅದೇ ಹಳೇ ಮೊಣಕಾಲು. ಅವನು ಮೊದಲ ಮನೆಯ ಕೆಳಗೆ ಗಾಡಿ ನಿಲ್ಲಿಸಿ ಬೀಡಿ ಸೇದುತ್ತ ಕಾಯುವನು, ಬುಟ್ಟಿಯ ಐಸು ಕರಗುವುದು. ನಾನು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಮೀನಿನ ಕಣ್ಣು ಗುಳಿಬಿದ್ದಿರುತ್ತಿತ್ತು. "ಎಂತ ನಾಗಿ, ನಿನ್ನೆದಾ?" ಅಂತ ಮೂಸಿ ನೋಡಿ ಒಳಗೆ ಹೋಗಿಬಿಡುತ್ತಿದ್ದರು. ಥೂ, ಯಾಕೆ ಬೇಕು ಈ ಬಾಳು ಅನ್ನಿಸುತ್ತಿತ್ತು.

ಆ ವಾರದ ಕೊನೆಗೆ, ಏರಿನ ತಿರುವಿನಲ್ಲಿ ಬಲಗಾಲು ಹಿಡಿದುಕೊಂಡಿತು. ಮುಂದಿಡಲೂ ಆಗದು, ಹಿಂದಿಡಲೂ ಆಗದು. ದಾರಿ ಬದಿಯ ಮೋರಿಕಟ್ಟೆ ಮೇಲೆ ಕುಸಿದೆ. ಇಂದಿಗೆ ಮುಗಿಯಿತು, ಮೀನು ಕೊಳೆಯಲಿ, ನಾನೂ ಕೊಳೆಯುತ್ತೇನೆ ಅಂದುಕೊಂಡೆ.

ಆಗ ಮೇಲಿನಿಂದ ಕೇಳಿಸಿತು.

"ಮೀನ್... ಬಂಗ್ಡೆ ಮೀನ್..."

ದೋಣಿಯಿಂದ ದೋಣಿಗೆ ಕೂಗಿ ಒಡೆದ ಗಂಟಲು. ಅಯ್ಯೋ ದೇವರೇ, ನನ್ನ ಗಂಡ! ಒಬ್ಬಳು ಕಿಸಕ್ಕನೆ ನಕ್ಕಳು. ಮತ್ತೊಬ್ಬಳು ಕೂಗಿ ಹೇಳಿದಳು, "ಬನ್ರೇ, ನಾಗಿ ಗಂಡ ಮೀನ್ ಮಾರೂಕೆ ಬಂದಿದ್ದ!" ನಗು ಮನೆಯಿಂದ ಮನೆಗೆ ಹೋಯಿತು. ಆಮೇಲೆ ಸದ್ದಿಲ್ಲ. ಮಾನಕ್ಕಂಜುವ ಮನುಷ್ಯ, ಈಗ ಗಾಡಿ ತಿರುಗಿಸಿ ಇಳಿದು ಬಂದೇ ಬಿಡುತ್ತಾನೆ ಅಂದುಕೊಂಡೆ.

"ಬಂಗ್ಡೆ ಮೀನ್... ತಾಜಾ ಬಂಗ್ಡೆ..."

ಈ ಸಲ ಇನ್ನೂ ಜೋರು, ಇನ್ನೂ ಮೇಲಿನ ಮನೆಯ ಹತ್ತಿರ.

ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡೆ. ಕಾಲು ಎರಡನ್ನೂ ಉದ್ದಕ್ಕೆ ಚಾಚಿದೆ. ನಾನು ಮೇಲಕ್ಕೆ ಹೋಗಲಿಲ್ಲ.