ಹಾಕದೇ ಬಿಟ್ಟ ಬೋಲ್ಟು

ಆ ಕಾರಿಗೆ ಹತ್ತೊಂಬತ್ತು ವರ್ಷ ತುಂಬಿತ್ತು. ಅದರ ಒಡತಿಯನ್ನು ಊರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ರೋಗಿಗಳ ಬಾಗಿಲಿಗೇ ಹೋಗಿ ಗಾಯ ತೊಳೆದು, ಪಟ್ಟಿ ಬದಲಿಸಿ, ಇಂಜೆಕ್ಷನ್ ಕೊಟ್ಟು ಬರುವುದು ಅವರ ಕೆಲಸ. ದಿನಕ್ಕೆ ಏಳೆಂಟು ಮನೆ. ಅದರಲ್ಲಿ ಅರ್ಧ ಗುಡ್ಡದ ಮೇಲೆ, ಉಳಿದರ್ಧ ಗುಡ್ಡದಾಚೆ.

ಎಂಟು ತಿಂಗಳಿಂದ ಆ ಕಾರಿನ ಪವರ್ ಸ್ಟೀರಿಂಗ್ ರ‍್ಯಾಕ್ ಸೋರುತ್ತಿತ್ತು. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಡಕ್ಕೋ ಬಲಕ್ಕೋ ತಳ್ಳುವ ಉದ್ದನೆಯ ಕೊಳವೆ ಅದು. ಒಳಗಿನ ಸೀಲು ಸವೆದು, ಕೆಂಪು ಎಣ್ಣೆ ಎರಡೂ ತುದಿಯ ರಬ್ಬರ್ ಕವಚದೊಳಗೆ ಇಳಿದು, ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಸಿಸ್ಟರ್ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಡಿಕ್ಕಿಯಲ್ಲೊಂದು ಎಣ್ಣೆ ಡಬ್ಬಿ ಇಟ್ಟುಕೊಂಡು, ರೋಗಿಗೆ ಗ್ಲುಕೋಸ್ ಏರಿಸುವ ಹಾಗೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ತುಂಬಿಸುತ್ತಿದ್ದರು. ಪಂಪು ನರಳಿದರೆ ಎಣ್ಣೆ ಕಮ್ಮಿಯಾಗಿದೆ ಎಂದು ಅರ್ಥ, ಅಷ್ಟೇ. ಹೊಸ ರ‍್ಯಾಕ್ ಹಾಕೋಣ ಎಂದು ದುಂಬಾಲು ಬಿದ್ದವರು ಗ್ಯಾರೇಜಿನ ಮೇಸ್ತ್ರಿ. ಸೋರುವ ಕಾರಿನ ಗುಣ ನನಗೆ ಗೊತ್ತು, ರಿಪೇರಿಯಾದ ಕಾರಿನ ಗುಣ ಗೊತ್ತಿಲ್ಲ ಎಂದು ಸಿಸ್ಟರ್ ನಕ್ಕಿದ್ದರು. ಗುಡ್ಡದ ತಿರುವಿನಲ್ಲಿ ಎಣ್ಣೆ ಪೂರ್ತಿ ಬತ್ತಿ ಸ್ಟೀರಿಂಗ್ ಕಲ್ಲಾದರೆ ಏನು ಮಾಡುತ್ತೀರಿ ಎಂದು ಮೇಸ್ತ್ರಿ ಕೇಳಿದ ಮೇಲೆ ಒಪ್ಪಿಕೊಂಡಿದ್ದರು.

ಮೇಸ್ತ್ರಿಗೆ ಐವತ್ತೆಂಟು ವರ್ಷ. ಗ್ಯಾರೇಜು ತೆರೆದು ಮೂವತ್ತೊಂದು. ಕೆಲಸದ ಹೊತ್ತಿನಲ್ಲಿ ರೇಡಿಯೋ ಹಾಕುವಂತಿಲ್ಲ, ಹರಟುವಂತಿಲ್ಲ. ಅವರ ಕೈ ಕೆಳಗೆ ಕೆಲಸ ಕಲಿಯಲು ಬಂದ ಮೂವರು ಆ ಬಾಯಿಗೆ ಹೆದರಿಯೇ ಓಡಿಹೋಗಿದ್ದರು. ಓಡದೆ ನಿಂತವಳು ಸೊಸೆಯೊಬ್ಬಳೇ. ಮಗನನ್ನು ಮದುವೆಯಾಗಿ ಬಂದವಳು ಮೊದಲು ಬಿಲ್ಲು ಬರೆಯಲು ಕೂತಳು, ಆಮೇಲೆ ಸ್ಪ್ಯಾನರು ಎತ್ತಿ ಕೊಟ್ಟಳು, ನಾಲ್ಕು ವರ್ಷದಲ್ಲಿ ಕ್ಲಚ್ಚು ಬಿಚ್ಚಿ ಜೋಡಿಸುವಷ್ಟಾದಳು. ಮಗ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವನಿಗೆ ಸೈಕಲ್ಲಿನ ಚೈನು ಹಾಕಲೂ ಬಾರದು.

ಹೊಸ ರ‍್ಯಾಕ್ ಹಾಕಿ ಕಾರು ಕಳಿಸಿದ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಸೊಸೆ ಹಿಂದಿನ ದಿನದ ಸಾಮಾನು ಒರೆಸಿ ಎತ್ತಿಡುತ್ತಿದ್ದಳು. ಬೆಂಚಿನ ಮೇಲೆ ಒದ್ದೆ ಬಟ್ಟೆಯ ಕೆಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಎತ್ತಿ ನೋಡಿದಳು. ಹೆಬ್ಬೆರಳಿನಷ್ಟು ಉದ್ದದ ಹೊಸ ಬೋಲ್ಟು, ಅದರ ಜೊತೆ ನಟ್ಟು. 

"ಮಾವ, ಇದು ನಿನ್ನೆ ನಾನು ತಂದಿದ್ದು."

ಮೇಸ್ತ್ರಿ ತಿರುಗಿ ನೋಡಿದರು. ಮತ್ತೇನನ್ನೂ ಕೇಳಬೇಕಾಗಿರಲಿಲ್ಲ.

ಸ್ಟೀರಿಂಗಿನಿಂದ ಇಳಿದು ಬರುವ ಕಂಬಿಯನ್ನೂ ರ‍್ಯಾಕನ್ನೂ ಬೆಸೆಯುವ ಬೋಲ್ಟು ಅದು. ಹಳೆಯದರ ತಿರುಪು ಸವೆದಿತ್ತು ಎಂದು ಹೊಸದು ತರಲು ಅವಳನ್ನು ಕಳಿಸಿದ್ದರು. ಅವಳು ತಂದು ಕೈಗೆ ಕೊಟ್ಟಾಗ ಅವರು ಕಾರಿನೊಳಗೆ, ಪೆಡಲುಗಳ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ್ದರು. ಅದೇ ಗಳಿಗೆಗೆ ಬ್ರೇಕಿನಿಂದ ಹೊಗೆ ಬಿಡುತ್ತಾ ಒಂದು ಲಾರಿ ಗೇಟಿಗೆ ಬಂದು ನಿಂತಿತ್ತು, ಡ್ರೈವರ್ ಕೂಗಾಡುತ್ತಿದ್ದ. ಮೇಸ್ತ್ರಿ ಎದ್ದು ಹೋದರು, ಬೋಲ್ಟನ್ನು ಬೆಂಚಿನ ಮೇಲಿಟ್ಟು. ಅರ್ಧ ಗಂಟೆಯ ನಂತರ ವಾಪಸು ಬಂದವರು ಮುಂದಿನ ಕೆಲಸ ಹಿಡಿದರು. ಎಣ್ಣೆ ತುಂಬಿಸಿ, ಮುಂದಿನ ಚಕ್ರ ಜಾಕಿನ ಮೇಲೆತ್ತಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ತಿರುಗಿಸಿ ಗಾಳಿಯ ಗುಳ್ಳೆ ಹೊರಗೆ ಹಾಕಿದರು. ಓಡಿಸಿ ನೋಡಿದರು. ಒಂದು ಹನಿ ಸೋರಿಕೆಯಿಲ್ಲ, ಸ್ಟೀರಿಂಗ್ ಬೆಣ್ಣೆಯ ಹಾಗಿತ್ತು. ಕಂಬಿಯ ಹಲ್ಲಿಗೆ ರ‍್ಯಾಕಿನ ಹಲ್ಲು ಕೂತಿದ್ದರಿಂದ ಎಲ್ಲ ಸರಿಯಿದ್ದ ಹಾಗೇ ಕಂಡಿತ್ತು. ಆದರೆ ಆ ಹಲ್ಲನ್ನು ಹಿಡಿದಿಡಬೇಕಾದದ್ದು ಇಲ್ಲಿ, ಸೊಸೆಯ ಅಂಗೈಯಲ್ಲಿತ್ತು. ಒಂದೊಂದು ಕುಲುಕಿಗೂ ಜಾಯಿಂಟು ಮೇಲಕ್ಕೆ ಸರಿಯುತ್ತದೆ. ಪೂರ್ತಿ ಕಳಚಿತೆಂದರೆ ಸ್ಟೀರಿಂಗ್ ಕೈಯಲ್ಲಿ ಆಟಿಕೆಯ ಹಾಗೆ ತಿರುಗುತ್ತದೆ, ಚಕ್ರ ತನ್ನ ಪಾಡಿಗೆ ತಾನು ಹೋಗುತ್ತದೆ.

 ಮೇಸ್ತ್ರಿ ಸಿಸ್ಟರಿಗೆ ಫೋನು ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು. ಗಾಡಿ ಓಡಿಸುವಾಗ ಸಿಸ್ಟರ್ ಫೋನನ್ನು ಚೀಲಕ್ಕೆ ಹಾಕಿ ಹಿಂದಿನ ಸೀಟಿನಲ್ಲಿಡುತ್ತಿದ್ದರು. ಎಲ್ಲರೂ ಹೀಗಿದ್ದರೆ ಎಷ್ಟು ಚೆನ್ನ ಎಂದು ಮೇಸ್ತ್ರಿಯೇ ಎಷ್ಟೋ ಸಲ ಹೊಗಳಿದ್ದರು.

ತಲೆ ಓಡಿದ್ದು ಸೊಸೆಗೆ. ಸಿಸ್ಟರ್ ಬೆನ್ನಿಗೆ ಬಿದ್ದರೆ ಪ್ರಯೋಜನವಿಲ್ಲ, ಮುಂದೆ ಹೋಗುವ ಮನೆಗೆ ಫೋನು ಮಾಡಬೇಕು ಎಂದಳು. ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ಆ ದಿನದ ಮನೆಗಳ ಪಟ್ಟಿ ಕೇಳಿ ಬರೆದುಕೊಂಡಳು. ಮೊದಲನೆಯದು ಊರಿನೊಳಗೇ, ಅಲ್ಲಿಂದ ಹೊರಟು ಗಂಟೆಯಾಗಿತ್ತು. ಎರಡನೆಯದು ಗುಡ್ಡದ ನೆತ್ತಿಯಲ್ಲಿ, ಮರ ಕೊಯ್ಯುವವನ ಮನೆ. ಅವನ ಹೆಂಡತಿ ಫೋನೆತ್ತಿದಳು. ಈಗಷ್ಟೇ ಗೇಟು ದಾಟಿದರು ಎಂದು, ಫೋನು ಹಿಡಿದೇ ಹೊರಗೆ ಓಡಿದಳು. ಅವಳು ಕೂಗಿದ್ದು, ಏದುಸಿರು ಬಿಟ್ಟಿದ್ದು ಈ ಕಡೆ ಕೇಳಿಸಿತು. ಆಮೇಲೆ, ತಿರುವು ದಾಟಿಬಿಟ್ಟರು ಎಂಬ ಮಾತು. ಮೂರನೆಯದು ಇಳಿಜಾರಿನ ನಡುವೆ ಮುದುಕರೊಬ್ಬರ ಮನೆ; ಅಲ್ಲಿ ಯಾರೂ ಎತ್ತಲಿಲ್ಲ. ನೆತ್ತಿ ದಾಟಿದರೆ ಸಿಸ್ಟರ್ ಮೊಬೈಲಿಗೆ ಸಿಗ್ನಲ್ಲೂ ಸಿಗದು.

ನೆತ್ತಿಯಿಂದ ಆಚೆ ಕಣಿವೆಗೆ ಹನ್ನೊಂದು ತಿರುವು.

ಗ್ಯಾರೇಜಿನ ಪಿಕಪ್ಪಿನ ಕೀಲಿಯನ್ನು ಮೇಸ್ತ್ರಿ ಎತ್ತಿಕೊಂಡರು. ಕೀಲಿ ಬಾಗಿಲಿನ ತೂತಿಗೆ ಹೋಗಲೊಲ್ಲದು. ಸೊಸೆ ಅವರ ಕೈಯಿಂದ ಕೀಲಿ ತೆಗೆದುಕೊಂಡು ತಾನೇ ಕೂತಳು.

ಪಿಕಪ್ಪು ಗುಡ್ಡ ಹತ್ತಿತು. ಮೇಸ್ತ್ರಿ ಬೋಲ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದರು, ಅದರ ತಿರುಪು ಅಂಗೈಗೆ ಒತ್ತುತ್ತಿತ್ತು. ಒಂದೊಂದು ತಿರುವಿನಲ್ಲೂ ಅವರ ಕಣ್ಣು ರಸ್ತೆಯನ್ನು ಬಿಟ್ಟು ಅಂಚಿನ ಕಡೆಗೇ ಹೋಗುತ್ತಿತ್ತು. ಮುರಿದ ಕಲ್ಲುಕಂಬ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಅದು ಹಳೆಯದು, ಮುರಿದ ಜಾಗದಲ್ಲಿ ಪಾಚಿ ಕಟ್ಟಿದೆ ಎಂದು ಕಂಡ ಮೇಲೆ ಉಸಿರು. ಅದರ ನಡುವೆಯೇ, ಅವರು ಕರೆಯದೆಯೇ, ಇನ್ನೊಂದು ಯೋಚನೆ ತಲೆಯೊಳಗೆ ಬಂದು ಕೂತಿತು. ಸಿಸ್ಟರ್ ಸಿಕ್ಕರೆ, ಏನೂ ಆಗಿರದಿದ್ದರೆ, ನಿಜ ಹೇಳಲೇಬೇಕೇ? ಹೊಸ ರ‍್ಯಾಕ್ ಹಾಕಿದ ಮರುದಿನ ಒಮ್ಮೆ ಬಿಗಿ ನೋಡುವುದು ವಾಡಿಕೆ, ಹೇಳಲು ಮರೆತಿದ್ದೆ ಎಂದರೆ ಸಾಕು. ಎರಡು ನಿಮಿಷದ ಕೆಲಸ, ಬಟ್ಟೆಗೆ ಕೈ ಒರೆಸಿಕೊಂಡು ಬಂದುಬಿಡಬಹುದು. ಊರಿನಲ್ಲಿ ಮೂವತ್ತೊಂದು ವರ್ಷದ ಹೆಸರು ಹಾಗೇ ಉಳಿಯುತ್ತದೆ. ಮಾತುಗಳು ನಾಲಿಗೆಯ ತುದಿಯಲ್ಲಿ ಜೋಡಿಸಿಟ್ಟ ಹಾಗೆ ತಯಾರಾಗಿದ್ದವು.

ನೆತ್ತಿ ದಾಟಿ ಇಳಿಯತೊಡಗಿದರು. ಮೂರನೆಯ ಮನೆಯ ಮುಂದೆ ಕಾರಿರಲಿಲ್ಲ. ಜಗಲಿಯಲ್ಲಿ ಕಾಲಿಗೆ ಹೊಸ ಪಟ್ಟಿ ಸುತ್ತಿಸಿಕೊಂಡು ಕೂತಿದ್ದ ಮುದುಕರು ಕೈಯೆತ್ತಿ ಕೆಳಗೆ ತೋರಿಸಿದರು.

ಮತ್ತೆರಡು ತಿರುವಿನ ಕೆಳಗೆ ಕಾರು ಕಂಡಿತು. ಸಿಸ್ಟರ್ ಓಡಿಸುವುದು ಯಾವಾಗಲೂ ನಿಧಾನ. ಸೈಕಲ್ಲಿನವರೂ ಬೆಲ್ಲು ಹೊಡೆಯುವಷ್ಟು ನಿಧಾನ. ಸೊಸೆಯ ಅಂಗೈ ತಾನಾಗಿಯೇ ಹಾರನ್ನಿನ ಮೇಲೆ ಹೋಯಿತು. ಮೇಸ್ತ್ರಿ ಥಟ್ಟನೆ ಅವಳ ಮಣಿಕಟ್ಟು ಹಿಡಿದರು.

"ಬೇಡ. ಹಾರನ್ ಕೇಳಿದ್ರೆ ಪಕ್ಕಕ್ಕೆ ಸರಿಸ್ತಾರೆ. ಸರಿಸಬೇಕಾದ್ರೆ ಸ್ಟೀರಿಂಗ್ ತಿರುಗಿಸಬೇಕು."

"ಮತ್ತೆ ಹೇಗೆ ನಿಲ್ಲಿಸೋದು ಮಾವ?"

ಪಕ್ಕಕ್ಕೆ ತೆಗೆಯಿರಿ ಎನ್ನುವಂತಿಲ್ಲ, ಬೆಚ್ಚಿಬೀಳಿಸುವಂತಿಲ್ಲ, ಅಡ್ಡ ಹಾಕುವಂತಿಲ್ಲ. ಅಡ್ಡ ಹಾಕಿದರೆ ತಪ್ಪಿಸಲು ತಿರುಗಿಸಿಯೇ ತಿರುಗಿಸುತ್ತಾರೆ. ಕಾರು ನೇರವಾಗಿ ಹೋಗುತ್ತಿರುವಾಗಲೇ, ನೇರವಾಗಿಯೇ ನಿಲ್ಲಬೇಕು. ಇನ್ನೊಂದು ತಿರುವು ಕಳೆದರೆ ಹಳೆಯ ಕಲ್ಲುಗಣಿಯ ಪಕ್ಕದಲ್ಲಿ ಎರಡು ಫರ್ಲಾಂಗಿನಷ್ಟು ನೇರ ರಸ್ತೆ ಇದೆ. ಅದರ ಕೊನೆಯಲ್ಲಿ ಹೇರ್‌ಪಿನ್ ತಿರುವು, ಅದರಾಚೆ ಬರಿಯ ಆಕಾಶ. ಸಿಸ್ಟರ್ ಆ ಒಂದು ತಿರುವನ್ನು ತಾವೇ ದಾಟಬೇಕು. ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಹಿಂದೆ ದೂರದಲ್ಲೇ ಉಳಿದು ಇಬ್ಬರೂ ನೋಡಿದರು. ಕಾರಿನ ಬ್ರೇಕ್ ದೀಪ ಹತ್ತಿತು. ಮೂತಿ ಬಲಕ್ಕೆ ತಿರುಗಿತು, ಸ್ವಲ್ಪ ತಡವರಿಸಿದ ಹಾಗೆ ಕಂಡಿತು, ಮತ್ತೆ ತಿರುಗಿತು, ಬಂಡೆಯ ಮರೆಗೆ ಹೋಯಿತು. ಮೇಸ್ತ್ರಿ ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಯಾವ ಸದ್ದೂ ಬರಲಿಲ್ಲ.

ನೇರ ರಸ್ತೆಗೆ ಬಿದ್ದೊಡನೆ ಸೊಸೆ ಬಲಗಡೆಯ ಅಂಚಿಗೇ ಹೋಗಿ, ನಡುವೆ ಎಷ್ಟು ಸಾಧ್ಯವೋ ಅಷ್ಟು ಜಾಗ ಬಿಟ್ಟು, ಕಾರನ್ನು ದಾಟಿ ಮುಂದೋಡಿಸಿದಳು. ಮುಕ್ಕಾಲು ಹಾದಿಯಲ್ಲಿ ಪಿಕಪ್ಪನ್ನು ರಸ್ತೆ ಬಿಟ್ಟು ಗಣಿಯ ಬಾಯಿಗೆ ನುಗ್ಗಿಸಿದಳು. ಗಾಡಿ ನಿಲ್ಲುವ ಮೊದಲೇ ಮೇಸ್ತ್ರಿ ಇಳಿದು ಓಡಿದರು. ರಸ್ತೆಯ ಮಧ್ಯೆ ನಿಂತು ಎರಡೂ ಕೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಮೆಲ್ಲಗೆ ಮೆಲ್ಲಗೆ ಎಂದು ಸನ್ನೆ ಮಾಡತೊಡಗಿದರು. ಕಾರು ಬರುತ್ತಲೇ ಇತ್ತು. ಓಡಿಹೋಗಬೇಕೆಂದು ಕಾಲು ಹೇಳುತ್ತಿತ್ತು. ತಾನು ಕದಲಿದರೆ ಅವರೂ ಕಾರನ್ನು ಕದಲಿಸುತ್ತಾರೆ ಎಂದು ಹಲ್ಲು ಕಚ್ಚಿ ನಿಂತರು. ಗಾಜಿನ ಹಿಂದೆ ಸಿಸ್ಟರ್ ಹುಬ್ಬು ಗಂಟಿಕ್ಕಿದ್ದು ಕಂಡಿತು. ಆಮೇಲೆ ಕಾರು ನೇರವಾಗಿ, ನಿಧಾನವಾಗಿ, ಅವರ ಮೊಣಕಾಲಿನಿಂದ ಮೂರಡಿ ದೂರದಲ್ಲಿ ನಿಂತಿತು.

"ಸ್ಟೀರಿಂಗ್ ಮುಟ್ಟಬೇಡಿ. ಹ್ಯಾಂಡ್‌ಬ್ರೇಕ್ ಹಾಕಿ ಇಳೀರಿ," ಎಂದರು ಮೇಸ್ತ್ರಿ.

ಸೊಸೆ ಎರಡು ಕಲ್ಲು ತಂದು ಚಕ್ರಕ್ಕೆ ಕೊಟ್ಟಳು. ಮೇಸ್ತ್ರಿ ಕಾರಿನೊಳಗೆ ಅಂಗಾತ ಮಲಗಿ ಟಾರ್ಚು ಹಾಕಿದರು. ಜಾಯಿಂಟು ಸರಿದು ಸರಿದು, ಉಗುರಿನ ಅಗಲದಷ್ಟು ಮಾತ್ರ ಹಿಡಿದುಕೊಂಡಿತ್ತು.  ಆಮೇಲೆ ಅದನ್ನು ಕೆಳಗೆ ತಳ್ಳಿ ಕೂರಿಸಿ, ಬೋಲ್ಟು ತೂರಿಸಿ, ಬಿಗಿ ಮಾಡಿದರು. ಮತ್ತೆ ಬಿಗಿ ಮಾಡಿದರು.

ಹೊರಗೆ ಬಂದಾಗ ಸಿಸ್ಟರ್ ಕೈಕಟ್ಟಿ ನಿಂತಿದ್ದರು.

"ಏನಾಯ್ತು ಮೇಸ್ತ್ರಿ?"

ನಾಲಿಗೆಯ ತುದಿಯ ಮಾತು ಅಲ್ಲೇ ಇತ್ತು. ಅಷ್ಟರಲ್ಲಿ ಸೊಸೆ, "ತಪ್ಪು ನಂದು ಸಿಸ್ಟರ್, ಬೋಲ್ಟ್ ನಾನು..." ಎಂದು ಶುರು ಮಾಡಿದಳು. ಮೇಸ್ತ್ರಿ ಕೈಯೆತ್ತಿ ತಡೆದರು.

"ಅವಳು ತಂದು ಕೈಗೆ ಕೊಟ್ಟಿದ್ಲು. ಹಾಕಬೇಕಾಗಿದ್ದವನು ನಾನು. ಮರೆತೆ. ಸ್ಟೀರಿಂಗನ್ನ ಚಕ್ರಕ್ಕೆ ಹಿಡಿದಿಡೋ ಬೋಲ್ಟು ಅದು. ಅದಿಲ್ಲದೇನೇ ನಿಮ್ಮನ್ನ ಕಳಿಸಿದೆ."

"ಮುಂದಿನ ತಿರುವಲ್ಲಿ?"

"ತಿರುಗ್ತಿರಲಿಲ್ಲ ಅಂತ ಕಾಣುತ್ತೆ."

ಸಿಸ್ಟರ್ ಆ ಕಡೆ ನೋಡಿದರು. ರಸ್ತೆ ಮುಗಿಯುವಲ್ಲಿ ಬಿಳಿ ಬಳಿದ ನಾಲ್ಕು ಕಲ್ಲು, ಅಷ್ಟೇ. ಅವರು ಕೂಗಾಡಲಿಲ್ಲ. ಹೋಗಿ ಗಣಿಯ ಬಂಡೆಯ ಮೇಲೆ ಕೂತರು. ನನಗೆ ಬೇಡವಾಗಿತ್ತು, ನೀವೇ ಬಲವಂತ ಮಾಡಿದ್ದು ಎಂದಷ್ಟೇ ಹೇಳಿದರು. ಮೇಸ್ತ್ರಿ ಹೌದು ಎಂದರು. ಸಿಸ್ಟರ್ ತಮ್ಮ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡರು. ಅದು ಎಲೆಯ ಹಾಗೆ ನಡುಗುತ್ತಿತ್ತು. ಈ ಕೈಯಲ್ಲಿ ಸೂಜಿ ಹಿಡಿಯಲಾರೆ, ನಿಲ್ಲುವವರೆಗೆ ಕಾಯಬೇಕು ಎಂದರು. ಕಾಲು ಗಂಟೆ ಮೂವರೂ ಕಾದರು. ಆಮೇಲೆ ಸಿಸ್ಟರ್ ಕೀಲಿಯನ್ನು ಮೇಸ್ತ್ರಿಯ ಮುಂದೆ ಚಾಚಿದರು.

"ಇನ್ನೂ ನಾಲ್ಕು ಮನೆ ಇದೆ. ನೀವೇ ಓಡಿಸಿ. ನಿಮ್ಮ ಪಕ್ಕದಲ್ಲಿ ಕೂತ್ಕೋತೀನಿ."

ಸೊಸೆ ಪಿಕಪ್ಪು ಹಿಡಿದು ವಾಪಸು ಹೋದಳು. ಮೇಸ್ತ್ರಿ ಕಾರನ್ನು ಉಳಿದ ಆರು ತಿರುವಿನಲ್ಲೂ ಇಳಿಸಿದರು. ಸಿಸ್ಟರ್ ರಸ್ತೆ ನೋಡಲಿಲ್ಲ, ದಾರಿಯುದ್ದಕ್ಕೂ ಅವರ ಕೈಯನ್ನೇ ನೋಡುತ್ತಿದ್ದರು. ಕಣಿವೆಯ ಮೊದಲ ಮನೆಯ ಮೆಟ್ಟಿಲ ಮೇಲೆ ಕೂತು ಕಾಯುವಾಗ ತೆರೆದ ಕಿಟಕಿಯಿಂದ ಸಿಸ್ಟರ್ ದನಿ ಕೇಳಿಸಿತು. ಔಷಧಿ ಸೀಸೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದರು, ರೋಗಿಯ ಅಣ್ಣನ ಕೈಗೆ ಕೊಟ್ಟು ಅವನಿಂದಲೂ ಓದಿಸಿದರು, ಆಮೇಲೆಯೇ ಸೂಜಿ. ಮುಂದಿನ ಮನೆಯಲ್ಲೂ ಹಾಗೇ. ಇಪ್ಪತ್ತೈದು ವರ್ಷದ ಅನುಭವದ ನರ್ಸು, ಕಣ್ಣು ಮುಚ್ಚಿಕೊಂಡು ಮಾಡಬಹುದಾದ ಕೆಲಸ.  ಸಂಜೆ ಗ್ಯಾರೇಜಿನ ಗೇಟಿನಲ್ಲಿ ಮೇಸ್ತ್ರಿ ಇಳಿದು ಕೀಲಿ ಕೊಡುವಾಗ ಸಿಸ್ಟರ್, "ಓಡಿ ಬಂದ್ರಲ್ಲ, ಅದೊಂದು," ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ.

ಮರುದಿನ ಸೊಸೆ ಒಂದು ಡಬ್ಬಿ ಬಿಳಿ ಬಣ್ಣ ತಂದಳು. ಬಿಗಿ ಮಾಡಿದ ಪ್ರತಿ ಬೋಲ್ಟಿಗೂ ಒಂದು ಗೀಟು ಎಳೆಯಬೇಕು, ಗೀಟು ಎಳೆಯುವವರು ಬಿಗಿ ಮಾಡಿದವರಾಗಿರಬಾರದು ಎಂದಳು. ತಮ್ಮ ಕೆಲಸವನ್ನು ಇನ್ನೊಬ್ಬರು ತಡವಿ ನೋಡುವುದು ಮೇಸ್ತ್ರಿಗೆ ಮುಖಕ್ಕೆ ಹೊಡೆದ ಹಾಗಿತ್ತು. ಮೊದಲ ವಾರ ಸಿಡುಕಿದರು. ಆದರೂ ಸ್ಪ್ಯಾನರು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಅವಳನ್ನು ನಿಧಾನ ಎಂದು ಬೈಯುವುದನ್ನೂ ಯಾವಾಗಲೋ ಬಿಟ್ಟಿದ್ದರು. ಅದು ಅವರಿಗೇ ತಿಳಿಯಲಿಲ್ಲ.

ಸಿಸ್ಟರ್ ನಾಲ್ಕು ತಿಂಗಳು ಈ ಕಡೆ ಸುಳಿಯಲಿಲ್ಲ. ಬೇರೆ ಗ್ಯಾರೇಜಿಗೆ ಹೋಗುತ್ತಾರಂತೆ ಎಂದು ಯಾರೋ ಹೇಳಿದರು. ಆ ಮಾತು ನಿಜವೋ ಅಲ್ಲವೋ, ಮೇಸ್ತ್ರಿ ವಿಚಾರಿಸಲು ಹೋಗಲಿಲ್ಲ. ಐದನೆಯ ತಿಂಗಳು ಒಂದು ಬೆಳಿಗ್ಗೆ ಕಾರು ಗೇಟಿನೊಳಗೆ ಬಂತು. ಬ್ರೇಕು ಕಿರುಗುಟ್ಟುತ್ತಿದೆ ಎಂದರು ಸಿಸ್ಟರ್. ಕುರ್ಚಿ ಹಾಕಿಸಿದರೆ ಕೂರಲಿಲ್ಲ. ಕೆಲಸ ಮುಗಿಯುವವರೆಗೂ, ಒಂದೂವರೆ ಗಂಟೆ, ಚಕ್ರದ ಪಕ್ಕದಲ್ಲೇ ನಿಂತು ಎಲ್ಲವನ್ನೂ ನೋಡಿದರು. ಇದು ಯಾಕೆ, ಅದು ಯಾಕೆ ಎಂದು ಕೇಳಿದರು. ಮೇಸ್ತ್ರಿ ಒಂದಕ್ಕೂ ಬೇಸರಿಸದೆ ಉತ್ತರ ಹೇಳುತ್ತಾ ಕೆಲಸ ಮಾಡಿದರು.