ಅಳಿಯಂದಿರ ಕಿವಿ

ಲಿಫ್ಟ್ ರಿಪೇರಿ ಮಾಡುವ ಆ ಹುಡುಗನಿಗೆ ಹಾಡೆಂದರೆ ದ್ವೇಷವೇನೂ ಇರಲಿಲ್ಲ. ಕೆಲವರಿಗೆ ಚೆಸ್ ಆಟ ಹೇಗೋ ಅವನಿಗೆ ಹಾಡು ಹಾಗೆ. ಆಡುವವರು ಆಡಿಕೊಳ್ಳಲಿ, ತನಗೇನು? ಎಲ್ಲರೂ ಕಣ್ಣು ಮುಚ್ಚಿ ತಲೆದೂಗುವಾಗ ಅವನಿಗೆ ಕೇಳುತ್ತಿದ್ದುದು ಒಂದಿಷ್ಟು ಸದ್ದು ಮಾತ್ರ. ಇದನ್ನು ಮೊದಲೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮದುವೆಗೆ ಮುಂಚೆ ಹುಡುಗಿಯ ತಂದೆಯನ್ನು ನೋಡಲು ಹೋದಾಗ, ಅವರ ನಡುಮನೆಯಲ್ಲಿ ನೆಲದಿಂದ ಸೂರಿನವರೆಗೆ ಒತ್ತಾಗಿ ನಿಲ್ಲಿಸಿದ್ದ ಗ್ರಾಮಫೋನ್ ತಟ್ಟೆಗಳನ್ನು ಕಂಡು ಅವನ ಧೈರ್ಯ ಉಡುಗಿತು.

"ಸಂಗೀತ ಗಿಂಗೀತ ಕೇಳ್ತೀರೇನು?" ಎಂದರು ಅವರು.

"ಅಯ್ಯೋ, ಪ್ರಾಣ ಸಾರ್!" ಎಂದುಬಿಟ್ಟ.

ಆ ಒಂದು ಮಾತಿಗೆ ಹೆಣ್ಣೂ ಸಿಕ್ಕಿತು, ಭಾನುವಾರಗಳೂ ಹೋದವು. ಮಾವ ರೇಡಿಯೋ ನಿಲಯದಲ್ಲಿ ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಕೇಳುವ ಕಲೆ ಜಗತ್ತಿನಿಂದ ಹೊರಟುಹೋಗುತ್ತಿದೆ ಎಂಬ ಕೊರಗು ಅವರದು. ಮಗಳ ದೆಸೆಯಿಂದ ಒಬ್ಬ ಕೇಳುಗ ಮನೆಗೆ ಬಂದದ್ದು ಅವರಿಗೆ ನಿಧಿ ಸಿಕ್ಕಂತಾಗಿತ್ತು. ಎರಡು ಸ್ಪೀಕರುಗಳ ನಡುವೆ, ಸದ್ದು ಸರಿಯಾಗಿ ಬಂದು ಕೂಡುವ ಜಾಗದಲ್ಲಿ ಒಂದು ಒರಗುಕುರ್ಚಿ ಇತ್ತು. ಪ್ರತಿ ಭಾನುವಾರ ಮಗಳು ಅಳಿಯ ಬಂದಾಗ ಅದನ್ನು ಅಳಿಯನಿಗೆ ಬಿಟ್ಟುಕೊಟ್ಟು ತಾವು ಪಕ್ಕದ ಮುಕ್ಕಾಲಿಯ ಮೇಲೆ ಕೂರುತ್ತಿದ್ದರು. ತಟ್ಟೆಯನ್ನು ಅಂಗೈ ತಾಗದಂತೆ ಅಂಚಿನಲ್ಲಿ ಹಿಡಿದು, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಉಸಿರು ಹಿಡಿದು ಸೂಜಿ ಇಳಿಸುತ್ತಿದ್ದರು. ಹಾಡು ಮುಗಿದ ಮೇಲೆ ಅಳಿಯನ ಮುಖ ನೋಡುತ್ತಿದ್ದರು.

"ಹೇಗನ್ನಿಸ್ತು ಅಳಿಯಂದ್ರೇ?"

ಪಾಪ, ಅವನೇನು ಹೇಳಿಯಾನು? ಹಾಗೂ ಹೀಗೂ ಒಂದೆರಡು ಮಾತು ಕೂಡಿಟ್ಟುಕೊಂಡಿದ್ದ. ಒಂದು, "ಆ ಕಾಲದವರ ದನಿಯಲ್ಲಿ ಒಂದು ಬಿಸುಪು ಇದೆ ಮಾವ." ಇನ್ನೊಂದು, "ಎರಡನೇ ಚರಣದಲ್ಲಿ ಏನೋ ಇದೆ." ಈ ಎರಡನೆಯದು ಯಾವ ಹಾಡಿಗೂ ಒಗ್ಗುತ್ತಿತ್ತು. ಮಾವ ತೊಡೆ ತಟ್ಟಿಕೊಂಡು, "ಅದೇ! ಅದನ್ನೇ ನಾನೂ ಹೇಳ್ತಿದ್ದೆ! ಒಬ್ಬರಿಗೂ ಅರ್ಥ ಆಗ್ತಿರಲಿಲ್ಲ," ಎಂದು ಮತ್ತೊಂದು ತಟ್ಟೆ ಎಳೆಯುತ್ತಿದ್ದರು. ಹಾಡಿನ ಜೊತೆಗೆ ಅವರ ಅಭಿಪ್ರಾಯಗಳೂ ಬರುತ್ತಿದ್ದವು. ಈಗಿನ ಹಾಡುಗಳಿಗೆ ಬೆನ್ನುಮೂಳೆ ಇಲ್ಲ. ಅಂಗಡಿಗಳಲ್ಲಿ ಹಾಡು ಹಾಕುವವರಿಗೆ ದಂಡ ಹಾಕಬೇಕು. ಕೊಲೆ ಕತೆಗಳನ್ನು ಓದುವವರು ಬಸ್ಸು ತಪ್ಪಿಸಿಕೊಂಡು ನಿಲ್ದಾಣದಲ್ಲಿ ಹೊತ್ತು ಕಳೆಯುವವರು; ಬಸ್ಸು ಸಿಕ್ಕಿದ್ದರೆ ಓದುತ್ತಲೇ ಇರಲಿಲ್ಲ.

ಈ ಕೊನೆಯ ಮಾತಿಗೆ ಅಳಿಯ ತೆಪ್ಪಗಿರುತ್ತಿದ್ದ. ಅವನು ಓದುತ್ತಿದ್ದುದೇ ಕೊಲೆ ಕತೆಗಳನ್ನು.

ಒಂದು ಭಾನುವಾರ ಸಂಜೆ ಬಹಳ ಉದ್ದದ ಹಾಡೊಂದರ ನಡುವೆ ನೀರಿನ ನೆಪ ಮಾಡಿಕೊಂಡು ಅವನು ಅಡುಗೆಮನೆಗೆ ನುಸುಳಿದ. ಒಲೆಯ ಮೇಲೆ ಚಹಾ ಉಕ್ಕಿ ಹರಿಯುತ್ತಿತ್ತು. ಅತ್ತೆ ಅದರ ಪಕ್ಕದಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮೂಲೆ ಮಡಚಿದ ಪುಸ್ತಕ. ರಟ್ಟಿನ ಮೇಲೆ ಕೆಂಪು ಉಗುರಿನ ಕೈ, ಅದರ ಪಕ್ಕ ಉರುಳಿದ ಗಾಜಿನ ಲೋಟ. ಅಳಿಯ ಒಲೆ ಆರಿಸಿದ. ಅತ್ತೆ ಬೆಚ್ಚಿ ಪುಸ್ತಕವನ್ನು ಹಿಟ್ಟಿನ ಡಬ್ಬಿಯ ಹಿಂದಕ್ಕೆ ತಳ್ಳಿದರು.

"ಅದು ತೋಟದ ಮಾಲಿಯ ಕತೆ ಅಲ್ವಾ ಅತ್ತೆ?" ಎಂದು ಪಿಸುಗುಟ್ಟಿದ ಅವನು.

"ನೀವೂ ಓದಿದ್ದೀರಾ?" ಅತ್ತೆಯ ಕಣ್ಣುಗಳು ಅಗಲವಾದವು. "ಹೇಳ್ಬೇಡಿ, ಹೇಳ್ಬೇಡಿ! ಇನ್ನೂ ಮೂವರು ಉಳಿದಿದ್ದಾರೆ."

"ಹೇಳಲ್ಲ. ಆದ್ರೆ ಆ ನರ್ಸ್ ಮೇಲೆ ಒಂದು ಕಣ್ಣಿಟ್ಟಿರಿ."

"ನರ್ಸಾ? ಥೂ, ಅವಳೆಂಥಾ ಕೊಲೆ ಮಾಡ್ತಾಳೆ! ಇಂಜೆಕ್ಷನ್ ಕೊಡೋಕೇ ಕೈ ನಡುಗುತ್ತೆ." ಆಮೇಲೆ ನಡುಮನೆಯ ಕಡೆ ಕಿವಿಗೊಟ್ಟು ದನಿ ತಗ್ಗಿಸಿದರು. "ಅಲ್ಲಾ, ನೀವು ಹಾಡು ಬಿಟ್ಟು ಇಲ್ಲೇನ್ ಮಾಡ್ತಿದ್ದೀರಿ?"

ಅವನು ಸುಳ್ಳು ಹೇಳಬಹುದಿತ್ತು. ಆದರೆ ಅತ್ತೆಯ ಮುಖ ನೋಡಿದರೆ ಅದರ ಅಗತ್ಯ ಕಾಣಲಿಲ್ಲ. "ನಂಗೆ ಹಾಡು ತಲೆಗೆ ಹತ್ತೋದೇ ಇಲ್ಲ ಅತ್ತೆ," ಎಂದ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಭುಜವೆಲ್ಲ ಕುಲುಕಿತು. "ನಂಗೂ ಅಷ್ಟಕ್ಕಷ್ಟೇ! ನೀವು ಬರೋವರೆಗೂ ಆ ಕುರ್ಚೀಲಿ ಕೂರ್ತಿದ್ದೋಳು ನಾನೇ. ನೀವು ಬಂದಿದ್ದು ನಂಗೆ ಬಿಡುಗಡೆ ಆದ ಹಾಗಾಯ್ತು. ಬೇಜಾರು ಮಾಡ್ಕೋಬೇಡಿ."

ಅಲ್ಲಿಂದ ಅವರಿಬ್ಬರದು ಒಂದು ಪಕ್ಷವಾಯಿತು. ಊಟ ಮುಗಿದ ಮೇಲೆ ಪಾತ್ರೆ ತೊಳೆದುಕೊಡುವುದು ತನ್ನ ಪಾಲಿನ ಕೆಲಸ ಎಂದು ಅಳಿಯ ಘೋಷಿಸಿದ. ಎಂಥ ಒಳ್ಳೆಯ ಅಳಿಯ ಎಂದು ನೆರೆಹೊರೆಯವರು ಕೊಂಡಾಡಿದರು. ನಲ್ಲಿಯ ನೀರಿನ ಸದ್ದಿನಲ್ಲಿ ಅತ್ತೆ ಅಳಿಯ ಕೊಲೆಗಾರರ ಯೋಗ್ಯತೆ ಅಳೆಯುತ್ತಿದ್ದರು. ವಿಷ ಹಾಕುವವರು ಹೇಡಿಗಳು ಎಂದು ಅವನ ಅಭಿಪ್ರಾಯ. ಹೇಡಿಗಳಲ್ಲ, ಅಚ್ಚುಕಟ್ಟಿನವರು ಎಂದು ಅತ್ತೆ. ಪೇಟೆಯ ದೊಡ್ಡ ಮಳಿಗೆಯೊಂದಕ್ಕೆ ಲಿಫ್ಟ್ ನೋಡಲು ಹೋದಾಗಲೆಲ್ಲ ಅವನು ಅಲ್ಲಿನ ಹಳೇ ಪುಸ್ತಕದ ಮೂಲೆಯಿಂದ ಒಂದೆರಡು ಆರಿಸಿ ತರುತ್ತಿದ್ದ. ಅವು ಪಾನಾ, ಸ್ಕ್ರೂಡ್ರೈವರುಗಳ ಚೀಲದಲ್ಲಿ ಬಂದು ಹಿಟ್ಟಿನ ಡಬ್ಬಿಯ ಹಿಂದೆ ಸೇರುತ್ತಿದ್ದವು.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ವಾರ್ತೆ ಮಾಮ ಬಂದರು. ಮಾವನಿದ್ದ ರೇಡಿಯೋ ನಿಲಯದಲ್ಲೇ ವಾರ್ತೆ ಓದುತ್ತಿದ್ದ ಗೆಳೆಯ ಅವರು. ಅಳಿಯನ ಹೆಂಡತಿ ಚಿಕ್ಕವಳಿದ್ದಾಗ ಇಟ್ಟ ಹೆಸರು ಹಾಗೇ ನಿಂತಿತ್ತು. ಅಂದು ಮಾವನ ಸಂಭ್ರಮ ಹೇಳತೀರದು. "ನಮ್ಮ ಅಳಿಯಂದ್ರ ಕಿವಿ ನೋಡಬೇಕು ಕಣಯ್ಯ ನೀನು. ಅಪರೂಪದ ಕಿವಿ!" ಎಂದು ಕಪಾಟಿನ ಮೇಲ್ಗಡೆಯಿಂದ ಒಂದು ತಟ್ಟೆ ಇಳಿಸಿದರು. ಅಳಿಯ ಒರಗುಕುರ್ಚಿಯಲ್ಲಿ ಒರಗಿದ. ಹಿಂದಿನ ರಾತ್ರಿ ಅರ್ಧ ಓದಿದ ಕತೆಯಲ್ಲಿ ಬೀಗ ಹಾಕಿದ ಕೋಣೆಯೊಳಗೆ ಹೆಣ ಸಿಕ್ಕಿತ್ತು. ಕೊಂದವನು ಹೊರಗೆ ಹೋದದ್ದು ಹೇಗೆ? ಕಿಟಕಿಗೆ ಕಂಬಿ ಇದೆ. ಸೂರಿನಲ್ಲಿ ಕಿಂಡಿ ಇದ್ದರೆ, ಲಿಫ್ಟಿಗೆ ಇರುವ ಹಾಗೆ... ಅಳಿಯನ ಮನಸ್ಸು ಆ ಕೋಣೆಯಲ್ಲೇ ಇತ್ತು. ಸೂಜಿ ಎತ್ತಿದ ಸದ್ದು ಕೇಳಿದಾಗಲೇ ಈಚೆ ಬಂದದ್ದು.

"ಹೇಗನ್ನಿಸ್ತಪ್ಪಾ?" ವಾರ್ತೆ ಮಾಮ ಕೇಳಿದರು.

"ಆಹಾ," ಎಂದ ಅವನು. "ಎರಡನೇ ಚರಣದಲ್ಲಿ ಏನೋ ಇದೆ."

 ವಾರ್ತೆ ಮಾಮ ವಾರ್ತೆ ಓದುವ ದನಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚರಣ? ಎಲ್ಲಯ್ಯಾ ಚರಣ? ಬರೀ ಕೊಳಲು!"

ಅಳಿಯ ಇಂಗು ತಿಂದ ಮಂಗನ ಹಾಗೆ ಕೂತ. ಮಾವ ನಗಲಿಲ್ಲ. ತಟ್ಟೆಯನ್ನು ಲಕೋಟೆಯೊಳಗೆ ಸೇರಿಸುತ್ತ, ಗೆಳೆಯ ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದರು. "ನಿಜ ಹೇಳಿ. ನಿಮಗೆ ಇದ್ಯಾವುದೂ ಇಷ್ಟ ಇಲ್ಲ, ಅಲ್ವಾ?"

"ಇಲ್ಲ ಮಾವ. ತಪ್ಪಾಯ್ತು. ಮೊದಲನೇ ದಿನ ಹೆದರಿ ಹೇಳಿಬಿಟ್ಟೆ. ಆಮೇಲೆ ಬಿಡಿಸ್ಕೊಳ್ಳೋಕೆ ಆಗ್ಲಿಲ್ಲ."

ಮಾವ ತಲೆಯಾಡಿಸಿದರು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅತ್ತೆಗೆ ಅಳಿಯನ ಮೇಲೆ ಕನಿಕರ ಬಂತು. ಕೈ ಒರೆಸಿಕೊಂಡು ಒಳಗೆ ಬಂದರು.

"ಅವರೊಬ್ಬರನ್ನೇ ಯಾಕೆ ನೋಡ್ತೀರಿ? ನಂಗೂ ಅಷ್ಟೇ ರೀ. ಯಾವತ್ತೂ ಹತ್ತಿಲ್ಲ."

ಸಮಾಧಾನ ಮಾಡಲು ಆಡಿದ ಮಾತು ಗಾಯದ ಮೇಲೆ ಬರೆ ಎಳೆದಂತಾಯಿತು. ಮಾವ ಹೆಂಡತಿಯನ್ನು ಬೆಪ್ಪಾಗಿ ನೋಡಿದರು. ಎದ್ದು ಹೋಗಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಅಳಿಯ ಹೆಂಡತಿಯ ಮುಖ ನೋಡಲು ಅಂಜಿದ. ಅವಳು ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು.

"ನಂಗೆ ಮದುವೆಗೆ ಮುಂಚೇನೇ ಗೊತ್ತಿತ್ತು ಕಣೋ. ಹಾಡಿಗೆ ತಾಳ ಹಾಕು ಅಂದ್ರೆ ಮೊಳೆ ಹೊಡೆದ ಹಾಗೆ ಹೊಡೀತಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

"ಅಪ್ಪ ಖುಷಿಯಾಗಿದ್ರಲ್ಲ. ನೀನೂ ಪಾಪ, ಅಷ್ಟು ಕಷ್ಟಪಡ್ತಿದ್ದೆ." ನಗು ನಿಲ್ಲಿಸಿ ಮತ್ತೆ ಹೇಳಿದಳು. "ಅವರಿಗೆ ಸಿಟ್ಟಿಲ್ಲ. ನಾಚಿಕೆ. ಇಷ್ಟು ವರ್ಷ ಒಬ್ಬರೇ ಮಾತಾಡ್ಕೊಂಡ ಹಾಗಾಯ್ತಲ್ಲ."

ಮುಂದಿನ ಭಾನುವಾರ ಮಾವ ಕರೆಯಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ತನಗೆ ಬೇಕಾಗಿದ್ದ ಬಿಡುವೇ ಸಿಕ್ಕಿದ್ದರೂ ಅಳಿಯನಿಗೆ ಆ ಸಂಜೆಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಪುಸ್ತಕ ಹಿಡಿದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ. ಕೊನೆಗೆ ಕರೆಯದೆಯೇ ಹೋದ, ಹೆಂಡತಿಯನ್ನು ಕರೆದುಕೊಂಡು.

ನಡುಮನೆ ಸದ್ದಿಲ್ಲದೆ ಬಿಕೋ ಎನ್ನುತ್ತಿತ್ತು. ಮಾವ ಪತ್ರಿಕೆ ಹಿಡಿದು ಮುಕ್ಕಾಲಿಯ ಮೇಲೆ ಕೂತಿದ್ದರು. "ಬನ್ನಿ" ಎಂದರು, ಅಷ್ಟೇ. ಊಟವೂ ಹಾಗೇ ಮುಗಿಯಿತು. ಅತ್ತೆ ಅಳಿಯ ಪಾತ್ರೆ ತೊಳೆಯಲು ಹೋದರು. ಅರ್ಧ ಪಾತ್ರೆ ತೊಳೆಯುವಷ್ಟರಲ್ಲಿ ಅತ್ತೆಗೆ ತಡೆಯಲಾಗಲಿಲ್ಲ. "ನೀವು ಕಳಿಸಿಕೊಟ್ಟ ಆ ಬೀಗದ ಕೋಣೆದು ಓದಿದೆ. ಅಲ್ಲಾ, ಕೊಂದೋನು ಬಾಗಿಲ ಹಿಂದೇನೇ ನಿಂತಿದ್ನಂತೆ! ನಾನು ದಿಕ್ಕುದಿಕ್ಕಿಗೂ ಹುಡುಕಿದ್ದೇ ಬಂತು." ಅಳಿಯ ನಕ್ಕ. ಅತ್ತೆಯೂ ನಕ್ಕರು. ನಗುವಿನ ನಡುವೆ ಒಂದು ಲೋಟ ಕೈಜಾರಿ ತೊಟ್ಟಿಯಲ್ಲಿ ಬಿತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ.

"ಇಷ್ಟು ವರ್ಷ," ಎಂದರು ಅವರು, ಹೆಂಡತಿಗೆ. ಅಳಿಯ ಇದ್ದದ್ದನ್ನೇ ಮರೆತಂತಿತ್ತು. "ಹಾಡು ಹತ್ತದೆ ಹೋದ್ರೆ ಆ ಕುರ್ಚೀಲಿ ಕೂತು ಏನ್ ಮಾಡ್ತಿದ್ದೆ?"

ಅತ್ತೆ ನಲ್ಲಿ ನಿಲ್ಲಿಸಿದರು. "ನಿಮ್ಮನ್ನ ನೋಡ್ತಿದ್ದೆ," ಎಂದರು. "ಆಫೀಸಿಂದ ಸುಸ್ತಾಗಿ ಬರ್ತಿದ್ರಿ. ಸೂಜಿ ಇಳಿಸಿದ್ರೆ ಸಾಕು, ಮುಖ ಹುಡುಗರ ಮುಖದ ಹಾಗೆ ಆಗ್ತಿತ್ತು. ಅದಕ್ಕೆ ಕೂರ್ತಿದ್ದೆ."

ಅಳಿಯ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದ. ಮಾವ ಅಡುಗೆಮನೆಯ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕೂತರು. ಒಂದು ಕಿತ್ತಳೆ ಹಣ್ಣು ತೆಗೆದುಕೊಂಡು ನಿಧಾನವಾಗಿ ಸುಲಿದರು. ಅರ್ಧ ಹೆಂಡತಿಯ ಕೈಗಿಟ್ಟರು. ಉಳಿದದ್ದರಲ್ಲಿ ಒಂದು ತೊಳೆ ಬಿಡಿಸುತ್ತ, ಯಾರ ಮುಖವನ್ನೂ ನೋಡದೆ ಕೇಳಿದರು.

"ಬಾಗಿಲ ಹಿಂದೆ ಯಾಕೆ ನಿಂತಿದ್ದ?"

"ಬಾಗಿಲು ಒಡೆದು ಜನ ನುಗ್ಗಿದಾಗ ಅವರ ಜೊತೆ ಸೇರ್ಕೊಂಡುಬಿಡೋಕೆ," ಎಂದ ಅಳಿಯ.

ಮಾವ ಯೋಚಿಸಿದರು. "ಮೂರ್ಖತನ. ಉಸಿರಾಡೋ ಸದ್ದು ಕೇಳಿಸೋದಿಲ್ವಾ?"

"ಎಲ್ಲರಿಗೂ ನಿಮ್ಮ ಕಿವಿ ಇರುತ್ತಾ?" ಎಂದರು ಅತ್ತೆ.

ಹೊರಡುವಾಗ ಆ ಪುಸ್ತಕ ಹಿಟ್ಟಿನ ಡಬ್ಬಿಯ ಹಿಂದೆ ಇರಲಿಲ್ಲ. ಅತ್ತೆ ಕಣ್ಣಿನಲ್ಲೇ ಮಲಗುವ ಕೋಣೆಯ ಕಡೆ ತೋರಿಸಿದರು.

ಆ ವಾರದ ನಡುವೆ ಅಳಿಯ ಒಂದು ಆಸ್ಪತ್ರೆಯ ಲಿಫ್ಟಿನ ತಲೆಯ ಮೇಲೆ ಕೂತು ಹಗ್ಗಗಳಿಗೆ ಎಣ್ಣೆ ಹಾಕುತ್ತಿದ್ದಾಗ ಜೇಬಿನಲ್ಲಿ ಫೋನು ಗುರುಗುಟ್ಟಿತು. ಮಾವ. ಎಂದೂ ಕೆಲಸದ ಹೊತ್ತಿನಲ್ಲಿ ಫೋನು ಮಾಡಿದವರಲ್ಲ. ಮನೆಯಲ್ಲಿ ಏನಾಯಿತೋ ಎಂದು ಎಣ್ಣೆಗೈಯಲ್ಲೇ ಎತ್ತಿಕೊಂಡ.

"ಓದಿದೆ," ಎಂದರು ಮಾವ, ಪೀಠಿಕೆಯಿಲ್ಲದೆ. "ಭಾಷೆ ಕಳಪೆ. ಹೆಂಗಸರೆಲ್ಲ ಒಂದೇ ಥರ ಚೀರ್ತಾರೆ. ಇಡೀ ಪುಸ್ತಕದಲ್ಲಿ ಒಬ್ಬನೂ ಒಂದು ಹಾಡು ಕೇಳಲ್ಲ. ಎಂಥಾ ಜನವೋ!"

"ಹೌದು ಮಾವ."

"ಹೌದು ಮಾವ ಅನ್ನೋದು ಬಿಡಿ. ನಿಜವಾಗಿ ಏನನ್ನಿಸುತ್ತೋ ಅದು ಹೇಳಿ."

ಅಳಿಯ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಕೆಳಗೆ ಯಾರೋ ಲಿಫ್ಟಿನ ಗುಂಡಿಯನ್ನು ಬಿಡದೆ ಒತ್ತುತ್ತಿದ್ದರು. "ನಂಗೇನೋ ಭಾಷೆ ಚೆನ್ನಾಗೇ ಇದೆ ಅನ್ನಿಸ್ತು ಮಾವ. ನೀವು ಸುಮ್ನೆ ತಪ್ಪು ಹುಡುಕ್ತೀರಿ."

ಅತ್ತ ಕಡೆ ಉಸಿರೆಳೆದ ಸದ್ದು. ಆಮೇಲೆ ಮಾವ, ತೊಡೆ ತಟ್ಟಿಕೊಂಡರೇನೋ ಎಂಬಂತೆ, ಜೋರಾಗಿ ವಾದಕ್ಕೆ ಇಳಿದರು. ಮೊದಲ ಪುಟದಿಂದಲೇ ಶುರು ಮಾಡಿದರು. ಅಳಿಯ ಎಣ್ಣೆ ಡಬ್ಬಿ ಪಕ್ಕಕ್ಕಿಟ್ಟು, ಕಂಬಿಗೆ ಒರಗಿ, ಅಲ್ಲ ಮಾವ, ಹಾಗಲ್ಲ ಮಾವ, ಎನ್ನುತ್ತ ಕೂತ. ಕೆಳಗಿನವರು ಕಾದು ಕಾದು ಮೆಟ್ಟಿಲು ಹತ್ತಿಕೊಂಡು ಹೋದರು.