ಮೂರನೇ ಸಾಕು

ನಾನು ಸಿದ್ರಾಮ. ಹತ್ತೊಂಬತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ಇಂಡಿ, ಆಲಮೇಲ, ಸಿಂದಗಿ. ತಿರುಗಿ ಸಿಂದಗಿ, ಆಲಮೇಲ, ಇಂಡಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲ ಎನ್ನುವುದಿಲ್ಲ. ಕೈ ಮಾಡಿ ಬಸ್ಸು ನಿಲ್ಲಿಸಿ, ಆಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅಂಥವರನ್ನೂ ಹತ್ತಿಸಿಕೊಂಡು, ಇಳಿಸಿ, ಸೀಟಿ ಊದುವುದೇ ನನ್ನ ಕೆಲಸವಾಗಿತ್ತು.

ಒಂದು ದಿನ ಇಂಡಿಯ ಸಂತೆಯಲ್ಲಿ ಒಬ್ಬ ಮಾಸ್ತರರು ಎದುರಾದರು. ಎಷ್ಟೋ ವರ್ಷ ನನ್ನದೇ ಬಸ್ಸಿನಲ್ಲಿ ಸಾಲೆಗೆ ಹೋಗಿ ಬಂದವರು. ನಕ್ಕು ನಮಸ್ಕಾರ ಮಾಡಿದೆ. ಅವರು ನನ್ನ ಮುಖ ನೋಡಿ, "ಯಾರ್ರಿ ತಾವು? ಗುರ್ತ ಹತ್ತಲಿಲ್ಲ" ಎಂದರು. ಖಾಕಿ ಇಲ್ಲದೆ ನಾನು ಯಾರೂ ಅಲ್ಲ. ಬಹಳ ಕೆಟ್ಟದೆನಿಸಿತು. ಇಷ್ಟು ವರ್ಷ ಜನರನ್ನು ಬರೀ ಇಳಿಸಿದೆ, ಒಬ್ಬರನ್ನೂ ಕೂಡಿಸಿ ಮಾತಾಡಿಸಲಿಲ್ಲ ಎಂದುಕೊಂಡೆ.

ನನ್ನ ಹೆಂಡತಿ ಯಶೋಧಾಳ ಕೈಯಡಿಗೆಗೆ ಬೀಗರೆಲ್ಲ ಬೆರಳು ಚೀಪುತ್ತಾರೆ. ನಾವೊಂದು ಖಾನಾವಳಿ ಇಡಬೇಕು ಎಂಬುದು ಅವಳ ಹಳೆಯ ಆಸೆ. ಆರು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಸಿಂದಗಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಶುರು ಮಾಡಿಯೇಬಿಟ್ಟೆವು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎಂದು ಡಿಪೋದಲ್ಲಿ ಎಲ್ಲರೂ ನಕ್ಕರು.

ನಗುವ ಹಾಗೆಯೇ ಆಯಿತು. ಬಂದವರು ಉಂಡು, "ಭಾಳ ಚಲೋ ಐತ್ರಿ" ಎಂದು ಹೊಗಳಿ ಹೋದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎದುರಿನ ಖಾನಾವಳಿಯ ಪಲ್ಯದಲ್ಲಿ ಉಪ್ಪಿದ್ದರೆ ಖಾರವಿಲ್ಲ, ಆದರೂ ಅಲ್ಲಿ ಕೂಡಲು ಜಾಗವಿರುತ್ತಿರಲಿಲ್ಲ. ನಾನಂತೂ ಬಡಿಸುವುದರಲ್ಲಿ ಚುರುಕು. ಎರಡು ರೊಟ್ಟಿ ಮುಗಿಯುತ್ತಲೇ "ಇನ್ನೊಂದ್ ಬೇಕೇನ್ರಿ?" ಎಂದು ಕೇಳುತ್ತಿದ್ದೆ. "ಸಾಕ್ರಿ" ಎಂದರೆ ಮುಂದಿನ ತಾಟಿಗೆ ನಡೆಯುತ್ತಿದ್ದೆ. ಹೊಟ್ಟೆ ತುಂಬ ಊಟ ಎಂದು ಬೋರ್ಡೇ ಹಾಕಿದ್ದೆವು, ಬೇಕಾದವರು ಬೇಕು ಎನ್ನಲಿ.

ಒಂದು ಸಂಜೆ ಉಳಿದ ರೊಟ್ಟಿಗಳನ್ನು ಬುಟ್ಟಿಗೆ ಹಾಕುತ್ತ ಯಶೋಧಾ ಅತ್ತಳು.

"ನನ್ನ ಕೈ ಕೆಟ್ಟೈತೇನ್ರಿ? ಖರೇ ಹೇಳ್ರಿ."

"ಹುಚ್ಚಿ ಇದ್ದಿ ನೋಡು," ಎಂದೆ. ಸೋಮವಾರಕ್ಕೆ ರಜೆ ಮುಗಿಯುತ್ತಿತ್ತು. ಹಾಜರಾದರೆ ಖಾನಾವಳಿ ಮುಚ್ಚಬೇಕು, ಆಗದಿದ್ದರೆ ನೌಕರಿಯ ಆಸೆ ಬಿಡಬೇಕು. ಕೆಲಸಕ್ಕೆ ಮರಳುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಅದನ್ನು ಹೇಳಲು ಶುಕ್ರವಾರ ಆಲಮೇಲಕ್ಕೆ ಅಕ್ಕ ಶೇವಂತೆವ್ವನ ಮನೆಗೆ ಹೋದೆ. ತಾಯಿ ಹೋದ ಮೇಲೆ ನನಗೆ ಅವಳೇ ತಾಯಿ. "ಮೊದ್ಲ ಉಣ್ಣು, ಆಮ್ಯಾಲ ಮಾತು," ಎಂದು ತಾಟು ಇಟ್ಟಳು. ಎರಡು ರೊಟ್ಟಿ ತಿಂದು "ಸಾಕವಾ" ಎಂದೆ. ಅವಳು ಕಿವಿಗೇ ಹಾಕಿಕೊಳ್ಳದೆ ಇನ್ನೊಂದು ಹಾಕಿದಳು. ತಿಂದೆ. ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕಂದ್ರ ಸಾಕು" ಎಂದೆ. ಕೈಯ ಮೇಲೆಯೇ ರೊಟ್ಟಿ ಇಟ್ಟಳು. ಅದನ್ನೂ ತಿಂದೆ, ಹಿಂಡಿ ಚಟ್ನಿ ಹಚ್ಚಿಕೊಂಡು, ರುಚಿಯಾಗಿ. ಆಮೇಲೆ ಹಿಂದಕ್ಕೆ ಸರಿದು ಮೂರನೇ ಸಲ ಸಾಕು ಎಂದಾಗ ಬುಟ್ಟಿ ಮುಚ್ಚಿದಳು.

ನನಗೆ ಆಗ ಹೊಳೆಯಿತು. ಮೊದಲ ಎರಡು ಸಲ ಸಾಕು ಎಂದಾಗ ನಾನು ಹಸಿದೇ ಇದ್ದೆ.

"ಅಕ್ಕಾ, ಸಾಕಂದ್ರೂ ಯಾಕ ಹಾಕಿದಿ?"

"ಏನ್ ಮಾತೋ ಇದು! ಮೊದಲ್ನೇ ಸಾಕು ಮರ್ಯಾದಿಗೆ, ಎರಡ್ನೇದು ನಾಚಿಕಿಗೆ. ಮೂರ್ನೇದು ಹೊಟ್ಟಿದು. ನೀ ಮಂದಿಗೆ ಕೇಳಿ ಹಾಕ್ತಿಯೇನ?"

ಹೌದೆಂದು ಗೋಣು ಹಾಕಿದೆ.

"ಬಸ್ಸಿನ್ಯಾಗ ಯಾರರ ನಿಂದ್ರಸ್ರಿ ಅಂದ ಕೂಡ್ಲೇ ಇಳಿಸಿ ರೂಢಿ ಆಗೈತಿ ನಿನಗ. ಮನಿಯಾಗ ಯಶೋಧಾ ಬಡಿಸ್ತಾಳ, ನೀ ಉಣ್ತಿ. ಬಡಿಸೂದು ನಿನಗೆಲ್ಲಿಂದ ತಿಳೀಬೇಕು!" ಎಂದು ಅಕ್ಕ ನಕ್ಕಳು.

ನೌಕರಿಯ ಮಾತೆತ್ತದೆ ಎದ್ದು ಬಂದೆ. ಆರು ತಿಂಗಳು ನನ್ನೆದುರಿಗೆ ಕುಳಿತವರನ್ನೆಲ್ಲ ಅರೆಹೊಟ್ಟೆಯಲ್ಲಿ ಕಳಿಸಿದ್ದೆನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಬಂದವನೇ ಯಶೋಧಾಳಿಗೆ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಹೇಳಲು ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಡ್ರೈವರ್ ಭೀಮಶ್ಯಾ ಊಟಕ್ಕೆ ಬಂದ. ನನ್ನ ಬಸ್ಸನ್ನು ಹನ್ನೊಂದು ವರ್ಷ ಓಡಿಸಿದ ಗೆಳೆಯ. ಬಸ್ಸು ಸ್ಟ್ಯಾಂಡಿನಲ್ಲಿತ್ತು. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು ಹಾಕಿ ಕೂಡಿಸಿದೆ. ಎರಡು ರೊಟ್ಟಿಗೆ "ಸಾಕೋ ಮಾರಾಯಾ" ಎಂದ. ಏನೂ ಕೇಳದೆ ಇನ್ನೊಂದು ಹಾಕಿದೆ. ನನ್ನ ಮುಖ ನೋಡಿ ತಿಂದ. ಮತ್ತೆ ಕೈ ಅಡ್ಡ ಹಿಡಿದ, ಕೈಯ ಮೇಲೆ ಹಾಕಿದೆ. ಒಲೆಯ ಮುಂದಿನಿಂದ ಯಶೋಧಾ ಕತ್ತು ಚಾಚಿ ನೋಡಿದಳು. ಅಷ್ಟರಲ್ಲಿ ಸ್ಟ್ಯಾಂಡಿನಿಂದ ಹೊಸ ಕಂಡಕ್ಟರನ ಸೀಟಿ ಕೇಳಿಸಿತು. ಭೀಮಶ್ಯಾ ಏಳಲು ಹೋದ.

"ಕುಂದ್ರು," ಎಂದು ಅವನ ಹೆಗಲು ಒತ್ತಿದೆ. "ಮೊಸರ ಉಳದೈತಿ. ಬಸ್ ಎಲ್ಲೂ ಹೋಗಂಗಿಲ್ಲ, ಚಾವಿ ನಿನ್ನ ಕಿಸೇದಾಗ ಐತಿ."

ಅವನು ಬಾಯಿ ತೆರೆದು ನೋಡಿದ. ಅರ್ಧ ನಿಮಿಷ ತಡವಾದರೂ ಅವನ ಜನ್ಮ ಜಾಲಾಡುತ್ತಿದ್ದವನು ನಾನೇ. ಕುಳಿತು ಮೊಸರು ಮುಗಿಸಿ ಡರ್ರನೆ ತೇಗಿದ.

ಕೈ ತೊಳೆಯುತ್ತ ಕೇಳಿದ: "ಡಿಪೋ ಸಾಹೇಬ್ರು ಕೇಳಿ ಬಾ ಅಂದಾರ. ಸೋಮವಾರ ಡ್ಯೂಟಿ ಹಚ್ಚಲೇನ?"

"ಸಾಕು, ಭೀಮಶ್ಯಾ."

ಅವನೂ ಇದೇ ನೆಲದವನು, ಮೊದಲನೇ ಸಾಕನ್ನು ನಂಬಲಿಲ್ಲ. "ತಿಂಗಳ ಪಗಾರ ಬಿಟ್ಟು ಒಲಿ ಮುಂದ ಕುಂದ್ರತೀಯಾ? ವಿಚಾರ ಮಾಡು. ಬರ್ತೀ ಹೌದಲ್ಲೋ?"

"ಸಾಕೋ," ಎಂದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಭೀಮಶ್ಯಾ ಕೈ ಒರೆಸಿಕೊಂಡು ಹತ್ತಿರ ಬಂದ. "ಕಡೀ ಸಲ ಕೇಳ್ತೇನಿ, ಸಿದ್ರಾಮಾ."

ನಾನು ಅವನ ಮುಂದೆ ಅಂಗೈ ಬೋರಲು ಹಿಡಿದೆ, ತಾಟಿನ ಮೇಲೆ ಅಡ್ಡ ಹಿಡಿಯುವಂತೆ, ಮತ್ತು ಹಿಂದಕ್ಕೆ ಸರಿದೆ. ಅವನು ಗೋಣು ಹಾಕಿ, ನನ್ನ ಬೆನ್ನು ತಟ್ಟಿ ಬಸ್ಸಿನತ್ತ ನಡೆದ.

ಒಳಗೆ ಯಶೋಧಾ ಮತ್ತೆ ರೊಟ್ಟಿ ಬಡಿಯತೊಡಗಿದಳು.